ಇಲ್ಲ ಅಂದರೆ

ಬಿಸಿ ಪಾತ್ರೆ ಇಡಲು ಅವಳಿಗೆ ಒಂದು ಪೇಪರು ಬೇಕಿತ್ತು, ಅಷ್ಟೇ. ಕೈಗೆ ಸಿಕ್ಕಿದ್ದು ಇವತ್ತಿನದು, ಅದರಲ್ಲೂ ಐದನೇ ಪುಟ, ಆ ಪುಟದ ಎಡಮೂಲೆಯಲ್ಲಿ ಲ್ಯಾಬಿನವರು ಮಿಂಚುಳ್ಳಿ ಎನ್ನುವ ಹುಡುಗಿಯ ಫೋಟೋ. ಅದಕ್ಕೆ ಇವಳೇನು ಮಾಡಲಾದೀತು? ಹಾಲಿನ ಪಾತ್ರೆಯ ತಳ ಅಚ್ಚುಕಟ್ಟಾಗಿ ಆ ಮುಖದ ಮೇಲೆ ಕೂತಿತು. ಗಂಡ ಬಂದು ಪಾತ್ರೆ ಎತ್ತಿದ, ಪೇಪರು ಎಳೆದುಕೊಂಡ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವನ ಕಣ್ಣು. ಒದ್ದೆಯ ಉಂಗುರದೊಳಗೂ ಓದಿತು.

"ಇದು ನಿಮ್ಮ ಲ್ಯಾಬಿನ ಹುಡುಗಿ ಅಲ್ವೇನೇ?"

"ಹೂಂ. ಹಲ್ಲು ಎಷ್ಟು ಕಾಣಿಸ್ತಿದೆ ನೋಡಿ."

"ಹಲ್ಲು ಚೆನ್ನಾಗೇ ಇದೆಯಲ್ಲ. ‘ಹೊಟ್ಟೆಯ ಕ್ಯಾನ್ಸರ್ ಹರಡುವಿಕೆ’ ಅನ್ನೋದನ್ನ ‘ಹರಟುವಿಕೆ’ ಮಾಡಿದಾರೆ ನೋಡು, ಕತ್ತೆಗಳು. ಕ್ಯಾನ್ಸರ್ ಕೂತ್ಕೊಂಡು ಹರಟೆ ಹೊಡೆಯತ್ತಾ?" ಎಂದು ತನ್ನ ಜೋಕಿಗೆ ತಾನೇ ನಕ್ಕು, ಪೆನ್ನು ತೆಗೆದು ತಿದ್ದಿದ. ತಿದ್ದಿ ಯಾರಿಗೆ ತೋರಿಸಬೇಕು? ಆದರೂ ತಿದ್ದಿದ. "ನಿನ್ನ ಹೆಸರು ಎಲ್ಲೂ ಇಲ್ವಲ್ಲೇ," ಎಂದು ಕೊನೆಯ ಸಾಲಿನವರೆಗೂ ಹುಡುಕಿ, ಕೆಟ್ಟ ಮನಸ್ಸಿನಿಂದಲ್ಲ, ಹೇಳಿದ. ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಹೊಟ್ಟೆಕಿಚ್ಚು. ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತವಳು ಅದಕ್ಕೆ ಬೇರೆ ಹೆಸರು ಹುಡುಕಿ ನೋಡಿದಳು. ಬೇಸರ, ಅನ್ಯಾಯ, ವಯಸ್ಸು, ಬಿ.ಪಿ. ಯಾವುದೂ ಒಗ್ಗಲಿಲ್ಲ. ಹೊಟ್ಟೆಯ ರೋಗದ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಕಳೆದವಳಿಗೆ, ಈ ಮಾತು ಮಾಡಿದವರು ಅಂಗವನ್ನು ಸರಿಯಾಗೇ ಗುರುತಿಸಿದ್ದಾರೆ ಅನಿಸಿತು. ಎದೆಯಲ್ಲಲ್ಲ, ತಲೆಯಲ್ಲಲ್ಲ, ಅಲ್ಲೇ, ಪಕ್ಕೆಲುಬಿನ ಕೆಳಗೆ, ಬೆಳಗಿನ ಕಾಫಿಯ ಜೊತೆ ಅದೂ ಇಳಿದು ಕೂತಿತ್ತು. ಹನ್ನೊಂದು ವರ್ಷದ ಹಿಂದೆ, ಆಗಿನ್ನೂ ಟೆಸ್ಟುಗಳನ್ನು ಅವಳೇ ಮಾಡುತ್ತಿದ್ದಳು, ನೋಟ್‌ಬುಕ್ಕಿನ ಅಂಚಿನಲ್ಲಿ ‘ಹರಡಿದವರಲ್ಲಿ ಚಿಕ್ಕದು ಜಾಸ್ತಿ?’ ಎಂದು ಬರೆದಿದ್ದಳು. ಮೈಕ್ರೋ ಆರ್‌ಎನ್‌ಎ ಎನ್ನುವುದು ಹೊರಗಿನವರಿಗೆ; ಲ್ಯಾಬಿನಲ್ಲಿ ಅದು ‘ಚಿಕ್ಕದು’. ಜೀವಕೋಶದೊಳಗಿನ ಇಪ್ಪತ್ತೆರಡು ಅಕ್ಷರದ ಒಂದು ತುಣುಕು. ತಾನಾಗಿ ಏನನ್ನೂ ಕಟ್ಟುವುದಿಲ್ಲ, ಕೋಶಕ್ಕೆ ಆದೇಶ ಒಯ್ಯುವ ಬೇರೆ ಚೀಟಿಗಳ ಮೇಲೆ ಹೋಗಿ ಕೂತು ಅವುಗಳ ಬಾಯಿ ಮುಚ್ಚಿಸುವುದೇ ಅದರ ಕೆಲಸ. ‘ಜಾಗ ಬಿಟ್ಟು ಕದಲಬೇಡಿ’ ಎಂದು ಕೋಶಗಳಿಗೆ ಹೇಳುವ ಚೀಟಿಯ ಮೇಲೆ ಕೂತಿತೋ, ಹೊಟ್ಟೆಯಲ್ಲಿದ್ದ ಗಡ್ಡೆ ಹೊರಟು ಲಿವರ್ ಸೇರುತ್ತದೆ. ಇಷ್ಟನ್ನು ಅವಳು ಒಂದು ಪ್ರಶ್ನೆಯಾಗಿ ಮೀಟಿಂಗಿನಲ್ಲಿ ಕೇಳಿದ್ದಕ್ಕೆ ದೊಡ್ಡ ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಮೆಷಿನ್ ಸರಿಯಾಗಿ ಒರೆಸಿದೀರೇನಮ್ಮ?" ಅಂದಿದ್ದರು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಹೋಗಿ ಮೆಷಿನ್ ಒರೆಸಿದ್ದಳು. ನಾಲ್ಕು ವರ್ಷದ ಹಿಂದೆ ಬಂದ ಮಿಂಚುಳ್ಳಿ ಬಂದ ಮೂರನೇ ತಿಂಗಳಿಗೆ ಅದೇ ಪ್ರಶ್ನೆ ಕೇಳಿದಾಗ ಅದೇ ದೊಡ್ಡ ಡಾಕ್ಟರು ಅದೇ ಕನ್ನಡಕ ತೆಗೆದು "ಭೇಷ್" ಎಂದರು. ನೀರಿಗೆ ಧುಮುಕಿ ಬಾಯಲ್ಲಿ ಮೀನು ಹಿಡಿದೇ ಮೇಲೆ ಬರುತ್ತಾಳೆ ಎಂದು ಆವತ್ತೇ ಅವಳಿಗೆ ಆ ಅಡ್ಡಹೆಸರು ಬಿದ್ದದ್ದು. ಇವಳಿಗೆ ಬಿದ್ದಿದ್ದ ಹೆಸರು ‘ಫೋನಕ್ಕ’.

ಅವಳ ಕೆಲಸ ಈಗ ಫೋನು. ಎಂಬತ್ತನಾಲ್ಕು ರೋಗಿಗಳ ಹೊಟ್ಟೆಯ ಚೂರುಗಳು ಫ್ರೀಜರಿನಲ್ಲಿದ್ದವು, ಅವರ ಮನೆಯ ನಂಬರುಗಳು ಅವಳ ಮೇಜಿನ ಮೇಲೆ. ಆರು ತಿಂಗಳಿಗೊಮ್ಮೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಇದ್ದಾರೋ ಇಲ್ಲವೋ ಎಂದು ತಿಳಿದುಕೊಂಡು, ಇದ್ದರೆ ಸೊನ್ನೆ, ಇಲ್ಲದಿದ್ದರೆ ಒಂದು ಬರೆಯುವುದು. ಒಂದೊಂದು ‘ಒಂದು’ ಬರೆದಾಗಲೂ ಕಂಪ್ಯೂಟರಿನ ಚಿತ್ರದಲ್ಲಿ ಗೆರೆ ಒಂದು ಮೆಟ್ಟಿಲು ಇಳಿಯುತ್ತದೆ. ಚಿಕ್ಕದು ಕಡಿಮೆ ಇದ್ದವರದು ಒಂದು ಮೆಟ್ಟಿಲಸಾಲು, ನಿಧಾನ. ಜಾಸ್ತಿ ಇದ್ದವರದು ಇನ್ನೊಂದು, ಧಡಧಡನೆ ಇಳಿದದ್ದು. ಯಾರ ಮುಖವನ್ನೂ ನೋಡದೆ ಎಲ್ಲರ ದನಿಯನ್ನೂ ಅವಳು ಬಲ್ಲಳು. ಈ ಕೆಲಸಕ್ಕೆ ಒಂದು ನಿಯಮವಿತ್ತು, ಅವಳೇ ಮಾಡಿದ್ದು, ಹೊಸಬರಿಗೆಲ್ಲ ಅವಳೇ ಕಲಿಸಿದ್ದು. ‘ಇದಾರಾ?’ ಅಂತ ಕೇಳಿದರೆ ‘ಇಲ್ಲ’ ಅಂತಾರೆ. ಇಲ್ಲ ಅಂದರೆ ಮನೇಲಿ ಇಲ್ವೋ, ಲೋಕದಲ್ಲೇ ಇಲ್ವೋ? ಯಾವಾಗ ಅಂದರೆ ‘ಹೋದ್ರು’ ಅಂತಾರೆ. ಸಂತೆಗೆ ಹೋದರೂ ಹೋದ್ರು, ಸತ್ತರೂ ಹೋದ್ರು. ನಮ್ಮ ಭಾಷೆಯೇ ಹಾಗೆ, ಸಾವಿನ ಹೆಸರು ಹೇಳೋಕೆ ಹೆದರಿ ಅರ್ಧ ಮಾತನ್ನ ಹಾಗೇ ಬಿಟ್ಟಿದೆ. ಅದಕ್ಕೇ ಎರಡನೇ ಪ್ರಶ್ನೆ ಕೇಳಲೇಬೇಕು, ನಾಚಿಕೆಯಾದರೂ, ಬೈಸಿಕೊಂಡರೂ. ಆಸ್ಪತ್ರೆಯಲ್ಲಿ ಇದಕ್ಕೆ ‘ಫೋನಕ್ಕನ ಎರಡನೇ ಪ್ರಶ್ನೆ’ ಎಂದೇ ಹೆಸರಾಗಿತ್ತು. ಅವಳ ಹೆಸರಿನಲ್ಲಿ ಇದ್ದದ್ದು ಅದೊಂದೇ.

ಹನ್ನೊಂದು ಗಂಟೆಗೆ ಸಭೆ. ಹೊರಗಿನಿಂದ ಆರು ಜನ ಬರುವವರಿದ್ದರು. ಅವರು ಒಪ್ಪಿದರೆ ಚಿಕ್ಕದನ್ನು ಅಳೆದು ರೋಗಿಗೆ ಎಷ್ಟು ಕಾಲ ಉಳಿದಿದೆ ಎಂದು ಹೇಳುವ ಪರೀಕ್ಷೆ ಬೇರೆ ಆಸ್ಪತ್ರೆಗಳಲ್ಲೂ ಶುರುವಾಗುತ್ತದೆ, ಮಿಂಚುಳ್ಳಿಗೆ ಸ್ವಂತ ಲ್ಯಾಬು. ನೋಂದಣಿ ಕೌಂಟರಿನ ಹತ್ತಿರ ಅವಳು ಫಾರ್ಮುಗಳಿಗಾಗಿ ನಿಂತಿದ್ದಾಗ ಒಂಬತ್ತೂವರೆ ದಾಟಿತ್ತು. ಪಕ್ಕದ ಕಿಟಕಿಯ ಗುಮಾಸ್ತೆ ಯಾರಿಗೋ, "ಅಜ್ಜಾ, ಈ ನಂಬರಲ್ಲಿ ಫೈಲ್ ಮುಚ್ಚಿದೆ. ಇದರ ಪ್ರಕಾರ ನೀವು ಇಲ್ಲ," ಎಂದಳು.

"ಇಲ್ಲ ಅಂದ್ರೆ? ಇಲ್ಲೇ ಇದೀನಲ್ಲಮ್ಮ ನಿನ್ನ ಮುಂದೆ, ಗುಂಡುಕಲ್ಲು!"

ಅವಳ ಕೈಯಲ್ಲಿದ್ದ ಫಾರ್ಮುಗಳು ಹಾಗೇ ನಿಂತವು. ಆ ದನಿ. ‘ಹೇಗಿದೀರಿ?’ ಅಂದರೆ ‘ಗುಂಡುಕಲ್ಲಮ್ಮ, ಗುಂಡುಕಲ್ಲು’ ಎಂದು ಎರಡು ಸಲ ಹೇಳುವ ದನಿ. ಪಟ್ಟಿಯಲ್ಲಿ ನಲವತ್ತೊಂದನೆಯವನು. ಬಡಗಿ. ಹೊಟ್ಟೆಯ ಮುಕ್ಕಾಲು ಭಾಗ ತೆಗೆದದ್ದು, ಚಿಕ್ಕದು ಜಾಸ್ತಿ, ಇಪ್ಪತ್ತೊಂಬತ್ತನೇ ತಿಂಗಳಲ್ಲಿ ಸಾವು. ತಿರುಗಿ ನೋಡಿದಳು. ಸತ್ತವನು ಕಣ್ಣು ತೋರಿಸಲು ಬಂದಿದ್ದ, ಸೊಸೆಯನ್ನು ಬೆಂಚಿನ ಮೇಲೆ ಕೂರಿಸಿ, ಗುಮಾಸ್ತೆ ಕಂಪ್ಯೂಟರು ಕುಟ್ಟುವಷ್ಟರಲ್ಲಿ ಬಗ್ಗಿ ಅದೇ ಬೆಂಚಿನ ಕಾಲನ್ನು ಅಲ್ಲಾಡಿಸಿ ನೋಡುತ್ತಿದ್ದ. "ಕೀಲು ಸಡಿಲ ಆಗಿದೆ, ಯಾರಾದ್ರೂ ಬಿದ್ದಾರು," ಎಂದ. ಅವಳು ಹತ್ತಿರ ಹೋಗಿ, ತಾನು ಫೋನ್ ಮಾಡುತ್ತಿದ್ದವಳು ಎಂದಳು. ಅವನ ಮುಖ ಅರಳಿತು. "ಓಹೋ, ನೀವಾ ತಾಯಿ! ಈಚೆಗೆ ಫೋನೇ ಬರಲ್ಲ, ನನ್ನ ಮರೆತೇಬಿಟ್ರಲ್ಲ ಅಂದ್ಕೊಂಡೆ. ಮಗಳ ಮನೇಲಿದ್ದೆ ಇಷ್ಟು ದಿನ. ಗುರುತು ಇಟ್ಕೊಂಡು ಬಂದ್ರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ." ಹೊಸ ನಂಬರು ಕೊಡಿಸುತ್ತೇನೆ ಎಂದು ಗುಮಾಸ್ತೆಗೆ ಹೇಳಿ ಅವಳು ಕಾರಿಡಾರಿಗೆ ಬಂದಳು. ಬಂದು ನಾಲ್ಕು ಹೆಜ್ಜೆ ಹಾಕಿದ ಮೇಲೆ ತನಗೆ ಹಾಲು ಕುಡಿದಷ್ಟು ಸಂತೋಷವಾಗಿದೆ ಎಂದು ಅವಳಿಗೆ ತಿಳಿಯಿತು. ಸಿಕ್ಕಿಬಿದ್ದಳು ಮಿಂಚುಳ್ಳಿ! ಹೆಜ್ಜೆಗೊಂದು ಸಲ ಮನಸ್ಸು ಅದನ್ನೇ ಹೇಳುತ್ತಿತ್ತು, ಸಿಕ್ಕಿಬಿದ್ದಳು, ಸಿಕ್ಕಿಬಿದ್ದಳು. ಅವನು ಬದುಕಿದ್ದಾನಲ್ಲ ಎಂಬುದಕ್ಕೆ ಆ ಸಂತೋಷದಲ್ಲಿ ಜಾಗವೇ ಇರಲಿಲ್ಲ.

ತನ್ನ ಕೋಣೆಗೆ ಬಂದು ಪಟ್ಟಿಯ ಒಂದು ನಕಲು ತೆರೆದು ನಲವತ್ತೊಂದರ ಎದುರಿನ ಒಂದನ್ನು ಸೊನ್ನೆ ಮಾಡಿ ಲೆಕ್ಕ ಓಡಿಸಿದಳು. ಎರಡು ಮೆಟ್ಟಿಲಸಾಲುಗಳ ನಡುವಿನ ಅಂತರ ಬರೀ ಆಕಸ್ಮಿಕ ಅಲ್ಲ ಎನ್ನಬೇಕಾದರೆ ಆಕಸ್ಮಿಕದ ಸಾಧ್ಯತೆ ನೂರಕ್ಕೆ ಐದರ ಒಳಗೆ ಬರಬೇಕು. ಮಿಂಚುಳ್ಳಿಗೆ ನಾಲ್ಕು ಬಂದಿತ್ತು. ಈಗ ಏಳು ಬಂತು. ಒಬ್ಬ ಮುದುಕ ಬದುಕಿದ್ದಕ್ಕೆ ಪೇಪರಿನ ಐದನೇ ಪುಟ ಸುಳ್ಳಾಯಿತು. ಹೇಗೆ ಹೇಳುವುದು? ಈಗಲೇ ಬೇಡ. ಸಭೆಯಲ್ಲಿ, ಕೊನೆಯ ಸಾಲಿನಿಂದ, ಕೈ ಎತ್ತಿ, ಮೆತ್ತಗೆ, "ಒಂದು ಸಣ್ಣ ಅನುಮಾನ" ಎಂದು ಶುರುಮಾಡಿ. ದೊಡ್ಡ ಡಾಕ್ಟರು ಕನ್ನಡಕ ತೆಗೆಯಬೇಕು. ಕಲಿಸಿಕೊಟ್ಟಿದ್ದೆನಲ್ಲಮ್ಮ ಎರಡನೇ ಪ್ರಶ್ನೆ, ಯಾಕೆ ಕೇಳಲಿಲ್ಲ ನೀನು? ಹೋದ ಮಳೆಗಾಲದಲ್ಲಿ ತನ್ನ ಗಂಟಲು ಕಟ್ಟಿದ್ದಾಗ ಎರಡು ತಿಂಗಳು ಅರ್ಧ ಫೋನುಗಳನ್ನು ಮಿಂಚುಳ್ಳಿಯೇ ಮಾಡಿದ್ದಳು, ಆಗಿನದೇ ಇರಬೇಕು ಇದು. ಖಾತ್ರಿ ಮಾಡಿಕೊಳ್ಳಲು ಪಟ್ಟಿಯನ್ನು ಬಲಕ್ಕೆ ಸರಿಸಿದಳು. ಬರೆದವರ ಗುರುತು ಹಾಕುವ ಕೊನೆಯ ಕಾಲಂ. ಅಲ್ಲಿ ‘ಫೋ’ ಎಂದಿತ್ತು.

ಫೋ. ಫೋನಕ್ಕ, ತನ್ನದೇ ಗುರುತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ಕೇಳಿದ್ದಳು; ಇಲ್ಲಿ ಕಳ್ಳನನ್ನು ಹುಡುಕಲು ಹೊರಟವಳ ಹೆಗಲ ಮೇಲೇ ಬೂದಿ. ಕೋಣೆಯ ಗಾಜಿನಾಚೆ ಚಪ್ಪಾಳೆ ತಟ್ಟುತ್ತಿದ್ದಾರೆ. ಎಂಟು ತಿಂಗಳ ಹಿಂದಿನ ಚಪ್ಪಾಳೆ, ಮಿಂಚುಳ್ಳಿಗೆ ಫೆಲೋಶಿಪ್ ಬಂದ ದಿನ, ಯಾರೋ ಸಿಹಿ ಹಂಚುತ್ತಿದ್ದಾರೆ, ದೊಡ್ಡ ಡಾಕ್ಟರು ಅವಳ ತಲೆ ಸವರುತ್ತಿದ್ದಾರೆ, ಇವಳು ಕಿವಿಗೆ ಫೋನ್ ಒತ್ತಿ ಹಿಡಿದು ಕಣ್ಣು ಗಾಜಿನ ಮೇಲೆ ನೆಟ್ಟು ಕೂತಿದ್ದಾಳೆ. ಅಜ್ಜ ಇದಾರಾ? ಇಲ್ಲ, ಎನ್ನುತ್ತದೆ ಸೊಸೆಯ ದನಿ. ಅಯ್ಯೋ, ಯಾವಾಗ? ಗುರುವಾರ ಹೋದ್ರು. ತುಂಬ ನೋವಿತ್ತಾ? ಇತ್ತು, ಹೊಟ್ಟೆ ಹೊಟ್ಟೆ ಅಂತಿದ್ರು, ಆದ್ರೆ ಹೋಗುವಾಗ ನಗ್ತಾನೇ ಹೋದ್ರು. ಗಾಜಿನಾಚೆ ಮಿಂಚುಳ್ಳಿ ಇವಳ ಕಡೆ ತಿರುಗಿ, ಬನ್ನಿ ಅಕ್ಕಾ ಎಂದು ಕೈಬೀಸುತ್ತಾಳೆ. ಈ ಫೋನು ಬೇಗ ಮುಗಿಯಲಿ, ಇಲ್ಲ, ಮುಗಿಯದಿರಲಿ, ಮುಗಿದರೆ ಎದ್ದು ಹೋಗಿ ಆ ಸಿಹಿ ತಿನ್ನಬೇಕು. ಧೈರ್ಯವಾಗಿರಿ, ಎಂದು ಹೇಳಿ ಇಟ್ಟಳು. ಆ ಕಡೆಯಿಂದ "ಆಂ?" ಎಂದದ್ದು ಈಗ ಕೇಳಿಸಿತು. ಆವತ್ತೂ ಕೇಳಿಸಿತ್ತು. ಒಂದು ಎಂದು ಬರೆದು, ಫೋ ಎಂದು ಬರೆದು, ಎದ್ದು ಹೋಗಿ ಸಿಹಿ ತಿಂದಿದ್ದಳು. ಸಂಜೆ ಪಟ್ಟಿ ನೋಡಿದ ಮಿಂಚುಳ್ಳಿ ತನ್ನ ಪಾಲಿನ ಸಿಹಿಯನ್ನು ಮುಟ್ಟದೆ ಹಾಗೇ ಬಿಟ್ಟು ಎದ್ದದ್ದು, ‘ನಾಟಕ ನೋಡು’ ಎಂದು ತಾನು ಅಂದುಕೊಂಡದ್ದು, ಎಲ್ಲ ನೆನಪಿನಲ್ಲಿತ್ತು.

ಹಾಗಾದರೆ ಬಾಯಿ ಮುಚ್ಚಿಕೊಂಡಿದ್ದರಾಯಿತು. ಯಾರಿಗೆ ಗೊತ್ತು? ಮುದುಕನಿಗೆ ಹೊಸ ನಂಬರು, ಹೊಸ ಫೈಲು. ಹಳೆಯ ನಲವತ್ತೊಂದು ಸತ್ತೇ ಇರಲಿ, ಮಿಂಚುಳ್ಳಿ ಗೆಲ್ಲಲಿ, ಫೋನಕ್ಕನ ಎರಡನೇ ಪ್ರಶ್ನೆಯೂ ಹತ್ತೊಂಬತ್ತು ವರ್ಷದ ಮರ್ಯಾದೆಯ ಜೊತೆ ಉಳಿಯಲಿ. ಹೇಳಿದರೆ ಅವಳು ಬೀಳುತ್ತಾಳೆ, ತಾನೂ ಬೀಳುತ್ತೇನೆ. ಹೇಳದಿದ್ದರೆ ಅವಳು ಏಳುತ್ತಾಳೆ. ಇದರಲ್ಲಿ ಯಾವುದು ತನಗೆ ಹೆಚ್ಚು ಉರಿ ಎಂದು ಅವಳು ನಿಜವಾಗಿಯೂ, ಕೂತು, ತೂಗಿ ನೋಡಿದಳು. ಮುಂದೆ ಯಾವನೋ ಬಡಗಿಗೆ, ಚಿಕ್ಕದು ಜಾಸ್ತಿ ಇದೆ, ನಿನಗೆ ಇಷ್ಟೇ ತಿಂಗಳು ಎಂದು ಹೇಳಿ ಮನೆಗೆ ಕಳಿಸುತ್ತಾರೆ, ಅವನು ಕೀಲು ಕೂಡಿಸುವುದನ್ನು ಬಿಟ್ಟು ಗೋಡೆ ನೋಡುತ್ತ ಕೂರುತ್ತಾನೆ, ಎಂಬುದು ತೂಕ ಮುಗಿದ ಮೇಲೆ ಹೊಳೆಯಿತು. ಅದು ಮೊದಲು ಹೊಳೆಯಬೇಕಿತ್ತು. ಮುಖ ತೊಳೆದುಕೊಳ್ಳೋಣವೆಂದು ಎದ್ದಳು.

ಹೆಂಗಸರ ಬಾತ್‌ರೂಮಿನಲ್ಲಿ ಮಿಂಚುಳ್ಳಿ ಒಬ್ಬಳೇ ಕನ್ನಡಿಯ ಮುಂದೆ ನಿಂತಿದ್ದಳು. ಮುಖ ಬಿಳುಚಿತ್ತು. ಪೇಪರಿನಲ್ಲಿದ್ದ ಹಲ್ಲು ಎಲ್ಲೂ ಕಾಣಲಿಲ್ಲ.

"ಅಕ್ಕಾ, ಸದ್ಯ ಬಂದ್ರಿ. ಹಿಂದಿನ ಗುಂಡಿ ಹಾಕ್ತೀರಾ? ಕೈ ನಡುಗ್ತಿದೆ. ಬೆಳಗ್ಗೆಯಿಂದ ಎರಡು ಸಲ ವಾಂತಿ ಆಯ್ತು."

"ಏನಾದ್ರೂ ತಿಂದ್ಯಾ?"

"ಎಲ್ಲಿ ಸೇರತ್ತೆ ಹೇಳಿ."

ಅವಳು ಗುಂಡಿ ಹಾಕತೊಡಗಿದಳು. ಸಣ್ಣ ಗುಂಡಿ, ಅದಕ್ಕಿಂತ ಸಣ್ಣ ಕುಣಿಕೆ. ಹುಡುಗಿಯ ಕತ್ತಿನ ಹಿಂದೆ ಬೆವರಿನ ಗುಳ್ಳೆಗಳು, ಒಂದು ಮಚ್ಚೆ. ಈ ಕತ್ತನ್ನು ಹಿಸುಕಬೇಕು ಎಂದು ಎಷ್ಟು ಸಲ ಅನಿಸಿಲ್ಲ. ಮೂರನೇ ಸಲಕ್ಕೆ ಗುಂಡಿ ಸೇರಿತು. ಕನ್ನಡಿಯೊಳಗೆ ಅವಳ ಕಣ್ಣು ತಪ್ಪಿಸಿ, ಹುಡುಗಿಯ ಭುಜಕ್ಕೆ ಹೇಳಿದಳು.

"ನಲವತ್ತೊಂದು ಇದಾನೆ."

"ಏನಕ್ಕಾ?"

"ಬಡಗಿ. ಸತ್ತಿಲ್ಲ. ಈಗ ಕೌಂಟರ್ ಹತ್ರ ನೋಡ್ದೆ. ಕಣ್ಣು ತೋರಿಸೋಕೆ ಬಂದಿದಾನೆ."

ಮಿಂಚುಳ್ಳಿ ತಿರುಗಿದಳು. ಈಗ ಬೀಳುತ್ತದೆ ಮುಖ, ಎಂದು ಇವಳು ಕಾದಳು. ಮುಖ ಬೀಳಲಿಲ್ಲ. ಕಣ್ಣು ದೊಡ್ಡದಾಗಿ, ಪೇಪರಿನ ಅಷ್ಟೂ ಹಲ್ಲು ಒಟ್ಟಿಗೆ ಕಾಣಿಸಿತು.

"ಗುಂಡುಕಲ್ಲು ಅಜ್ಜನಾ? ಬದುಕಿದಾರಾ? ಅಯ್ಯೋ ಅಕ್ಕಾ!" ಎಂದು ಇವಳನ್ನು ಅಪ್ಪಿಕೊಂಡೇಬಿಟ್ಟಳು. "ಆಪರೇಷನ್ ಹಿಂದಿನ ದಿನ ಸಹಿ ಹಾಕಿಸೋಕೆ ಹೋಗಿದ್ನಲ್ಲ, ನನ್ನ ಪೆನ್ಸಿಲ್ ಇಸ್ಕೊಂಡು ಚಾಕುವಲ್ಲಿ ಎಷ್ಟು ಚೂಪು ಮಾಡಿ ಕೊಟ್ರು ಗೊತ್ತಾ! ಅವರು ಹೋದ್ರು ಅಂತ ನೋಡಿದ ದಿನ ನನಗೆ ಊಟ ಸೇರ್ಲಿಲ್ಲ. ಎಲ್ಲಿದಾರೆ? ಈಗಲೂ ಅಲ್ಲೇ ಇದಾರಾ?"

ಇವಳ ಕೈಗಳು ಎರಡು ಬದಿಯಲ್ಲಿ ಹಾಗೇ ಇದ್ದವು. ಅಪ್ಪಿಕೊಳ್ಳಲೂ ಬರಲಿಲ್ಲ, ಬಿಡಿಸಿಕೊಳ್ಳಲೂ ಬರಲಿಲ್ಲ. ಫೆಲೋಶಿಪ್ಪಿಗೆ, ಫೋಟೋಗೆ, ‘ಭೇಷ್’ಗೆ ಪಟ್ಟ ಕಿಚ್ಚೆಲ್ಲ ಏನೂ ಅಲ್ಲ ಅನ್ನುವಷ್ಟು ಹೊಟ್ಟೆಕಿಚ್ಚು ಈಗ ಆಯಿತು. ಈ ಸಂತೋಷ ತನಗೆ ಯಾಕೆ ಬರಲಿಲ್ಲ? ಮೊದಲು ನೋಡಿದವಳು ತಾನು, ದನಿಯನ್ನು ಗುರುತು ಹಿಡಿದವಳು ತಾನು, ‘ಹೊಟ್ಟೆ ತಣ್ಣಗಿರಲಿ’ ಎನಿಸಿಕೊಂಡವಳು ತಾನು. ಇವಳು ಕೇಳಿದ ಒಂದೇ ಗಳಿಗೆಗೆ ಅದನ್ನೂ ಬಾಯಲ್ಲಿ ಹಿಡಿದು ಮೇಲೆದ್ದಳಲ್ಲ. ಹುಡುಗಿ ಅಪ್ಪುಗೆ ಸಡಿಲಿಸಿದಳು. ಅವಳ ಕಣ್ಣು ಗೋಡೆಯ ಮೇಲೆ ಏನನ್ನೋ ಕೂಡಿ ಕಳೆಯುತ್ತಿರುವುದು ಕಾಣಿಸಿತು.

"ಹಾಗಾದ್ರೆ ನಾಲ್ಕು ಉಳಿಯಲ್ಲ."

"ಏಳು ಬರತ್ತೆ. ಹಾಕಿ ನೋಡ್ದೆ."

"ಏಳಾ." ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು. "ಏನ್ಮಾಡೋಕಾಗತ್ತೆ. ಇರೋದನ್ನೇ ಹೇಳೋಣ, ಅಲ್ವಾ ಅಕ್ಕಾ?" ಯಾರು ಬರೆದದ್ದು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಇವಳು ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಸಭೆಯಲ್ಲಿ ಕೊನೆಯ ಸಾಲು, ಬಾಗಿಲ ಪಕ್ಕದ ಕುರ್ಚಿ. ಮಿಂಚುಳ್ಳಿ ಎರಡು ಮೆಟ್ಟಿಲಸಾಲುಗಳ ಚಿತ್ರ ತೋರಿಸಿ, ಇಪ್ಪತ್ತೊಂಬತ್ತನೇ ತಿಂಗಳ ಮೆಟ್ಟಿಲಿನ ಮೇಲೆ ಬೆಳಕಿನ ಚುಕ್ಕೆ ಇಟ್ಟು, ಇದು ತಪ್ಪು, ಈ ವ್ಯಕ್ತಿ ಇವತ್ತು ಬೆಳಗ್ಗೆ ಈ ಕಟ್ಟಡಕ್ಕೆ ನಡೆದು ಬಂದಿದ್ದಾರೆ, ಆದ್ದರಿಂದ ಈ ಅಂತರದ ಬಗ್ಗೆ ನಾವು ಇಷ್ಟು ಗಟ್ಟಿಯಾಗಿ ಹೇಳುವಂತಿಲ್ಲ, ಇನ್ನೂ ಹೆಚ್ಚು ರೋಗಿಗಳನ್ನು ನೋಡಬೇಕು, ಎಂದಳು. ಮುಂದಿನ ಸಾಲಿನಲ್ಲಿ ದೊಡ್ಡ ಡಾಕ್ಟರ ಕತ್ತು ಕೆಂಪಾಯಿತು.

"ಯಾರಮ್ಮಾ ಇದನ್ನ ಬರೆದಿದ್ದು?"

"ಪಟ್ಟಿ ನಂದು ಸರ್. ನೋಡ್ಕೋಬೇಕಾಗಿದ್ದು ನಾನು. ತಪ್ಪು ನಂದೇ."

ಇವಳು ಕುರ್ಚಿಯ ತುದಿಗೆ ಸರಿದಳು. ಅಂದರೆ ಗೊತ್ತಿದೆ ಅವಳಿಗೆ. ಕೊನೆಯ ಕಾಲಂ ನೋಡಿ ಬಂದಿದ್ದಾಳೆ. ಬಿಟ್ಟುಕೊಡುತ್ತಿದ್ದಾಳೆ, ವಯಸ್ಸಾದವಳಿಗೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹಾಗೆ. ಪ್ರಶ್ನೆಯನ್ನು ತಗೊಂಡಳು, ಸಂತೋಷವನ್ನು ತಗೊಂಡಳು, ಈಗ ನನ್ನದು ಅಂತ ಉಳಿದಿರುವ ಒಂದೇ ಒಂದು, ಈ ತಪ್ಪು, ಇದನ್ನೂ ತಗೊಂಡುಬಿಡ್ತಾಳಾ? ಕುರ್ಚಿ ಕಿರ್ರೆಂದಿತು. ಅವಳು ನಿಂತಿದ್ದಳು.

"ತಪ್ಪು ನಂದು," ಎಂದಳು. ದನಿ ಬೇಕಾದ್ದಕ್ಕಿಂತ ಜೋರಾಯಿತು. "ಎರಡನೇ ಪ್ರಶ್ನೆ ನಾನೇ ಕೇಳ್ಲಿಲ್ಲ."

ತಲೆಗಳು ತಿರುಗಿದವು. ದೊಡ್ಡ ಡಾಕ್ಟರು ಕನ್ನಡಕ ತೆಗೆಯಲಿಲ್ಲ. "ನೀವಾ," ಎಂದರು. "ಸರಿ, ಕೂತ್ಕೊಳ್ಳಿ." ತಲೆಗಳು ಮತ್ತೆ ಮುಂದಕ್ಕೆ ತಿರುಗಿದವು. ಹತ್ತೊಂಬತ್ತು ವರ್ಷದ ಮರ್ಯಾದೆ ಹೋಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ, ಹೋದದ್ದನ್ನು ಯಾರೂ ಸರಿಯಾಗಿ ನೋಡಲೂ ಇಲ್ಲ. ಹೊರಗಿನಿಂದ ಬಂದವರಲ್ಲಿ ಒಬ್ಬರು ಎದ್ದು, ಇಷ್ಟು ಪ್ರಾಮಾಣಿಕವಾಗಿ ತಪ್ಪು ಹೇಳಿದ್ದನ್ನು ತಾವು ಯಾವ ಸಭೆಯಲ್ಲೂ ನೋಡಿಲ್ಲ ಎಂದು ಮಿಂಚುಳ್ಳಿಯ ಕಡೆ ಕೈ ತೋರಿಸಿದರು. ಚಪ್ಪಾಳೆ ಬಿತ್ತು. ಇದಕ್ಕೂ ಚಪ್ಪಾಳೆ! ಅವಳಿಗೆ ನಗು ಬಂತು. ಕೈ ಎತ್ತಿ ತಾನೂ ನಾಲ್ಕು ಸಲ ತಟ್ಟಿದಳು.

‘ಫೋ’ ಎಂದು ಗುರುತಿದ್ದ ಒಂದುಗಳು ಒಟ್ಟು ಮೂವತ್ತೊಂದು. ನಲವತ್ತೊಂದನ್ನು ಬಿಟ್ಟರೆ ಮೂವತ್ತು. ಎಲ್ಲವನ್ನೂ ಇನ್ನೊಂದು ಸಲ ಕೇಳಿ ಖಾತ್ರಿ ಮಾಡಬೇಕೆಂದು ಚೀಟಿ ಬಂತು. ಮಧ್ಯಾಹ್ನ ಡಬ್ಬಿಯಲ್ಲಿ ತಂದದ್ದನ್ನು ಅರ್ಧ ತಿಂದು, ಅರ್ಧ ಮುಚ್ಚಿಟ್ಟು, ಬಾಗಿಲು ಹಾಕಿಕೊಂಡು ಕೂತಳು. ಗಾಜಿನಾಚೆ ಮಿಂಚುಳ್ಳಿ ಕಣ್ಣಿಗೆ ಔಷಧಿ ಬಿಡಿಸಿಕೊಂಡಿದ್ದ ಮುದುಕನನ್ನು ಕೈ ಹಿಡಿದು ಕರೆತಂದು ಎಲ್ಲರಿಗೂ ತೋರಿಸುತ್ತಿದ್ದಳು, ಅವನು ಲ್ಯಾಬಿನ ಸ್ಟೂಲುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡುತ್ತಿದ್ದ. ಅವಳು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಮೊದಲನೆಯ ನಂಬರು ಒತ್ತಿದಳು. ರೋಗಿ ಹತ್ತೊಂಬತ್ತು. ಹೆಂಗಸಿನ ದನಿ. ಹಿಂದೆ ನಲ್ಲಿ ಹರಿಯುತ್ತಿತ್ತು, ನಿಂತಿತು.

"ಆಸ್ಪತ್ರೆಯಿಂದ ಮಾತಾಡ್ತಿದೀನಿ. ಯಜಮಾನ್ರು ಇದಾರಾ?"

"ಇಲ್ಲ."

ಪೆನ್ನು ಹಿಡಿದುಕೊಂಡಳು. ನಾಚಿಕೆಯಾದರೂ, ಬೈಸಿಕೊಂಡರೂ.

"ಇಲ್ಲ ಅಂದ್ರೆ... ಹೊರಗೆ ಎಲ್ಲಾದ್ರೂ ಹೋಗಿದಾರಾ, ಅಥವಾ..."

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

"ಹೋದ ವರ್ಷವೇ ಹೇಳಿದ್ನಲ್ಲಮ್ಮ. ನೀವೇ ಅಲ್ವಾ ಫೋನ್ ಮಾಡಿದ್ದು? ಧೈರ್ಯವಾಗಿರಿ ಅಂದಿದ್ರಿ." ಆಮೇಲೆ, ಯಾರಿಗೂ ಕೇಳಿಸಬಾರದು ಎಂಬಂತೆ ದನಿ ತಗ್ಗಿತು. "ಯಾಕಮ್ಮ? ಎಲ್ಲಾದ್ರೂ ನೋಡಿದ್ರಾ ಅವರನ್ನ?"

"ಇಲ್ಲ," ಎಂದಳು.